ನಾಲ್ಕು ಕಾರ್ಡ್‌ಲೆಸ್ ಮೈಕ್ ಒಟ್ಟಿಗೆ ಹಾಕಿದರೆ ಕೊರಕೊರ ಅನ್ನುತ್ತವೆ. ಫ್ರೀಕ್ವೆನ್ಸಿ ಹೇಗೆ ಸೆಟ್ ಮಾಡುವುದು?

ನಿಮ್ಮೂರಿನ ಕುರುಕ್ಷೇತ್ರ ನಾಟಕಕ್ಕೆ ನಾಲ್ಕು ಕಾರ್ಡ್‌ಲೆಸ್ ಮೈಕ್ ತಂದಿದ್ದೀರಿ. ಒಂದೊಂದೇ ಹಾಕಿದರೆ ಚೆನ್ನಾಗಿವೆ, ನಾಲ್ಕೂ ಹಾಕಿದರೆ ಕೊರಕೊರ. ಟ್ರಾನ್ಸ್‌ಮಿಟರ್‌ನಲ್ಲಿ, ಅಂದರೆ ಸಿಗ್ನಲ್ ಕಳಿಸುವ ಕೈ ಮೈಕ್ ಅಥವಾ ಸೊಂಟದ ಡಬ್ಬಿಯಲ್ಲಿ, ಯಾವ ಫ್ರೀಕ್ವೆನ್ಸಿ ಇಡಬೇಕು ಅಂತ ಕೇಳಿದ್ದೀರಿ. ನಾನು ತುಮಕೂರಿನವನು. ಗುಬ್ಬಿ, ತುರುವೇಕೆರೆ ಕಡೆಯ ಹಳ್ಳಿ ನಾಟಕಗಳಿಗೆ ಸೌಂಡ್ ಹಾಕುವುದೇ ನನ್ನ ಕೆಲಸ.

ಫ್ರೀಕ್ವೆನ್ಸಿ ಆರಿಸುವ ಕೆಲಸ ಶುರುವಾಗುವುದು ರಿಸೀವರ್‌ನಲ್ಲಿ, ಅಂದರೆ ಮೈಕಿನ ಸಿಗ್ನಲ್ ಹಿಡಿದು ಮಿಕ್ಸರ್‌ಗೆ ಕೊಡುವ ಪೆಟ್ಟಿಗೆಯಲ್ಲಿ. ಎಲ್ಲ ಮೈಕ್ ಆಫ್ ಮಾಡಿ, ರಿಸೀವರ್ ಮಾತ್ರ ಆನ್ ಇಡಿ. ಮೈಕೇ ಇಲ್ಲದಾಗಲೂ ಸಿಗ್ನಲ್ ಕಡ್ಡಿ ಏರಿ ಕೂತಿದ್ದರೆ ಆ ಫ್ರೀಕ್ವೆನ್ಸಿಯಲ್ಲಿ ಬೇರೆ ಏನೋ ಇದೆ, ಬಿಟ್ಟುಬಿಡಿ. ಸ್ಟೇಜಿನ ಲೈಟು, ಎಲ್‌ಇಡಿ ಪರದೆ ಎಲ್ಲ ಉರಿಯುತ್ತಿರುವಾಗಲೇ ಇದನ್ನು ನೋಡಬೇಕು. ಎಲ್‌ಇಡಿ ಪರದೆಯಿಂದಲೂ ಗಲಾಟೆ ಬರುತ್ತದೆ.

ನಿಮ್ಮ ಸೆಟ್ ಹಳೆಯದಾ? ಹಿಂದಿನ ಲೇಬಲ್‌ನಲ್ಲಿ 700ರ ಮೇಲಿನ ಸಂಖ್ಯೆ ಇದೆಯಾ ನೋಡಿ. 703ರಿಂದ 748, 758ರಿಂದ 803 ಮೆಗಾಹರ್ಟ್ಸ್ ಈಗ ಮೊಬೈಲ್ ಬ್ಯಾಂಡ್. 2022ರ ಹರಾಜಿನಲ್ಲಿ ಅದು 5ಜಿಗೆ ಹೋಯಿತು. ಹಗಲು ಖಾಲಿ ಮೈದಾನದಲ್ಲಿ ಸರಿಯಾಗಿದ್ದ ಮೈಕ್, ರಾತ್ರಿ ಫೋನ್ ಹಿಡಿದ ಜನ ತುಂಬಿಕೊಂಡಾಗ ಕೈಕೊಡುತ್ತದೆ. 470ರಿಂದ 700ರ ಒಳಗಿನ ಸೆಟ್ ಇದ್ದರೆ ಒಳ್ಳೆಯದು.

ಈಗ ನಿಮ್ಮ ಕೊರಕೊರ. ಎರಡು ಮೈಕ್ ಒಟ್ಟಿಗೆ ಆನ್ ಇದ್ದರೆ ಅವುಗಳ ಸಿಗ್ನಲ್ ಬೆರೆತು ಹೊಸ ಸಿಗ್ನಲ್ ಹುಟ್ಟುತ್ತದೆ. ಒಂದು 600, ಇನ್ನೊಂದು 601 ಅಂತಿಟ್ಟುಕೊಳ್ಳಿ. 601ರ ಎರಡರಷ್ಟರಲ್ಲಿ 600 ಕಳೆದರೆ 602. ಆ ಕಡೆಯಿಂದ, 600ರ ಎರಡರಷ್ಟರಲ್ಲಿ 601 ಕಳೆದರೆ 599. ನೀವು ನೀಟಾಗಿರಲಿ ಅಂತ ಮೂರನೇ ಮೈಕ್ 602ಕ್ಕೆ ಇಟ್ಟರೆ, ಅದರ ಜಾಗದಲ್ಲಿ ಮೊದಲ ಎರಡರ ಕೂಸು ಆಗಲೇ ಕೂತಿರುತ್ತದೆ. ಸಮ ಅಂತರದಲ್ಲಿ ಇಡುವುದೇ ತಪ್ಪು. 600, 601, 604, 606 ಇಟ್ಟು ನೋಡಿ. ಯಾವ ಎರಡು ಮೈಕ್ ತಗೊಂಡರೂ ಅವುಗಳ ಅಂತರ ಇನ್ನೊಂದು ಜೋಡಿಯ ಅಂತರಕ್ಕೆ ಸಮ ಬರಲ್ಲ. ಇದು ಲೆಕ್ಕ ತಿಳಿಯಲಿ ಅಂತ ಕೊಟ್ಟ ಸಂಖ್ಯೆ ಅಷ್ಟೇ, ನಿಮ್ಮ ಸೆಟ್ಟಿನ ವ್ಯಾಪ್ತಿಯಲ್ಲಿ ಹೀಗೇ ಹುಡುಕಿ. ಗ್ರೂಪ್, ಚಾನೆಲ್ ಅಂತ ಇರುವ ಸೆಟ್ ಆದರೆ ಕಂಪನಿಯವರೇ ಈ ಲೆಕ್ಕ ಹಾಕಿಟ್ಟಿರುತ್ತಾರೆ. ನಾಲ್ಕಕ್ಕೂ ಒಂದೇ ಗ್ರೂಪ್, ಬೇರೆ ಬೇರೆ ಚಾನೆಲ್ ಕೊಡಿ. ಗ್ರೂಪ್ ಕಲಸಬೇಡಿ.

ರಿಸೀವರ್‌ನಲ್ಲಿ ಚಾನೆಲ್ ಇಟ್ಟ ಮೇಲೆ ಟ್ರಾನ್ಸ್‌ಮಿಟರ್‌ನ ಬ್ಯಾಟರಿ ಮುಚ್ಚಳ ತೆಗೆಯಿರಿ. ಕಪ್ಪು ಗಾಜಿನಂಥ ಚಿಕ್ಕ ಕಿಟಕಿ ಇದ್ದರೆ ಅದನ್ನು ರಿಸೀವರ್‌ನ ಅಂಥದ್ದೇ ಕಿಟಕಿಗೆ ಎದುರು ಹಿಡಿದು ಸಿಂಕ್ ಒತ್ತಿ. ಕಿಟಕಿ ಇಲ್ಲದಿದ್ದರೆ ಸೆಟ್ ಬಟನ್ ಒತ್ತಿ ಹಿಡಿದು, ಸಂಖ್ಯೆ ಮಿಣುಕಿದಾಗ ಬದಲಾಯಿಸಿ. ಎರಡೂ ಕಡೆ ಒಂದೇ ಸಂಖ್ಯೆ ಬರಬೇಕು. ಹೊಂದಿಸಿದ ಮೈಕನ್ನು ಆಫ್ ಮಾಡದೆ, ದೂರದಲ್ಲಿ ಇಟ್ಟು, ಮುಂದಿನದಕ್ಕೆ ಜಾಗ ಹುಡುಕಿ. ಒಂದೊಂದೇ ಪರೀಕ್ಷೆ ಮಾಡಿದರೆ ಪ್ರಯೋಜನವಿಲ್ಲ. ನಿಮಗೆ ಆಗಿರುವುದೂ ಅದೇ ಅಲ್ವಾ?

ಒಂದು ಸಲ ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿ ನಾನು ಹಾಗೇ ಮಾಡಿದ್ದೆ. ಸಂಜೆ ಒಂದೊಂದೇ ನೋಡಿ ಸರಿ ಇದೆ ಅಂದುಕೊಂಡೆ. ರಾತ್ರಿ ಕೃಷ್ಣ, ಅರ್ಜುನ, ದುರ್ಯೋಧನ ಒಟ್ಟಿಗೆ ರಂಗಕ್ಕೆ ಬಂದ ಕೂಡಲೇ ಕೃಷ್ಣನ ಪದದ ಮೇಲೆ ಸಿಳ್ಳೆ ಬಂತು. ಆ ಪಾತ್ರಧಾರಿ ಕೈಯಿಂದ ದುಡ್ಡು ಹಾಕಿ ಪಾತ್ರ ತಗೊಂಡಿದ್ದರು. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಲಿತ ಪದ ಅದು. ಅವರು ಹಾಡು ನಿಲ್ಲಿಸಿ ನನ್ನ ಕಡೆ ನೋಡಿದ್ದು ಇವತ್ತಿಗೂ ಕಣ್ಣಮುಂದಿದೆ. ಅವತ್ತಿನಿಂದ ಎಲ್ಲ ಮೈಕ್ ಒಟ್ಟಿಗೆ ಆನ್ ಮಾಡಿಸಿ, ಒಬ್ಬರು ಬಣ್ಣದ ಮನೆಯಿಂದ ರಂಗದ ತುದಿವರೆಗೆ ಮಾತಾಡುತ್ತಾ ನಡೆಯದೆ ನಾನು ಪರದೆ ಏಳಲು ಬಿಡುವುದಿಲ್ಲ.

ಕಾಲರ್ ಮೈಕ್ ಆದರೆ ಸೊಂಟದ ಡಬ್ಬಿಯ ಆಂಟೆನಾ ಮೇಲೆ ಲೋಹದ ಡಾಬು ಕೂರದ ಹಾಗೆ ನೋಡಿಕೊಳ್ಳಿ. ಕೈ ಮೈಕ್ ಆದರೆ ಬುಡ ಮುಚ್ಚಿ ಹಿಡಿಯಬಾರದು, ಸಾಮಾನ್ಯವಾಗಿ ಆಂಟೆನಾ ಇರುವುದು ಅಲ್ಲೇ. ರಿಸೀವರನ್ನು ಮಿಕ್ಸರ್ ಟೇಬಲ್ ಬಿಟ್ಟು ರಂಗದ ಪಕ್ಕ, ಜನರ ತಲೆಗಿಂತ ಎತ್ತರದಲ್ಲಿಡಿ. ಎಲ್ಲ ಸೆಟ್ ಆದ ಮೇಲೆ ಬಟನ್ ಲಾಕ್ ಮಾಡಿ, ಪ್ರತಿ ಮೈಕ್ ಮೇಲೂ ಟೇಪ್ ಅಂಟಿಸಿ ಚಾನೆಲ್ ಸಂಖ್ಯೆ, ಪಾತ್ರದ ಹೆಸರು ಬರೆಯಿರಿ. ನಿಮ್ಮ ಸೆಟ್ಟಿನ ಹಿಂದಿನ ಲೇಬಲ್‌ನಲ್ಲಿರುವ ಸಂಖ್ಯೆ ಇಲ್ಲಿ ಹಾಕಿದರೆ ನಾಲ್ಕಕ್ಕೂ ಜಾಗ ನಾನೇ ಲೆಕ್ಕ ಹಾಕಿ ಕೊಡುತ್ತೇನೆ.