ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡಲು ಆರು ಜನಕ್ಕೆ 25 ಅಡಿಯ ಆರ್‌ವಿ ಸಾಕಾ, 31 ಅಡಿಯದೇ ಬೇಕಾ?

ಅತ್ತೆ-ಮಾವ ಊರಿಂದ ಬಂದಿದ್ದಾರೆ, ಎರಡು ಮಕ್ಕಳು, ಜುಲೈ ತಿಂಗಳು, ಸಾಲ್ಟ್ ಲೇಕ್ ಸಿಟಿಯಲ್ಲಿ ಬಾಡಿಗೆಗೆ ಆರ್‌ವಿ, ಅಂದರೆ ಹಾಸಿಗೆ, ಅಡುಗೆಮನೆ, ಶೌಚ ಎಲ್ಲ ಒಳಗೇ ಇರುವ ಗಾಡಿ, ಅದರ ಮೇಲೆ "ಪ್ರಾಣಿಗಳನ್ನು ಒಳಗೆ ಕೂತೇ ನೋಡಬಹುದಲ್ಲ" ಅನ್ನುವ ಆಸೆ. ಇದು ನಿಮ್ಮ ಪ್ರಶ್ನೆಯೋ ನನ್ನದೋ! ನಾನು 31 ಅಡಿಯದನ್ನೇ ತಗೊಂಡೆ. ಮೂರನೇ ದಿನ ಉದ್ಯಾನದೊಳಗಿನ ಹೇಡನ್ ಕಣಿವೆಯಲ್ಲಿ ಅದರ ಹಿಂಬದಿಯ ಬಲಮೂಲೆಯನ್ನು ಬಂಡೆಗೆ ತಾಗಿಸಿ, ವಾಪಸ್ ಕೊಡುವಾಗ 1,500 ಡಾಲರ್ ತೆತ್ತೆ.

ತಾಗಿದ್ದು ಓಡಿಸುವಾಗ ಅಲ್ಲ, ನಿಂತಲ್ಲಿಂದ ಹೊರಡುವಾಗ. ಉದ್ಯಾನದೊಳಗೆ ಫಿಶಿಂಗ್ ಬ್ರಿಜ್ ಎಂಬಲ್ಲಿಂದ ಉತ್ತರಕ್ಕೆ ಕ್ಯಾನ್ಯನ್ ಎಂಬ ಜಾಗದ ಕಡೆ ಹೊರಟರೆ ಯೆಲ್ಲೋಸ್ಟೋನ್ ನದಿ ಬಲಕ್ಕಿರುತ್ತದೆ. ನದಿ ನೋಡಲು ಅಲ್ಲಲ್ಲಿ ರಸ್ತೆಗೆ ಅಂಟಿಕೊಂಡ ಪುಲ್‌ಔಟ್‌ಗಳಿವೆ, ಅಂದರೆ ಗಾಡಿಯನ್ನು ಬದಿಗೆ ನಿಲ್ಲಿಸುವ ಜಾಗಗಳು. ನಾನು ನಿಲ್ಲಿಸಿದ್ದರ ಅಂಚಿಗೆ ಸಾಲಾಗಿ ಬಂಡೆಗಳಿದ್ದವು. ಬೇರೆಯವರಿಗೆ ಜಾಗ ಬಿಡೋಣ ಅಂತ ಅಂಚಿಗೆ ಒತ್ತಿ, ಬಂಡೆಗೂ ಗಾಡಿಗೂ ನಡುವೆ ಒಂದೇ ಅಡಿ ಬಿಟ್ಟು ನಿಲ್ಲಿಸಿದ್ದೆ. ಹನ್ನೊಂದು ಗಂಟೆ ಹೊತ್ತಿಗೆ ಮುಂದಿನ ತಿರುವಿನಲ್ಲಿ ಮರಿಗಳ ಜೊತೆ ಗ್ರಿಜ್ಲಿ ಕರಡಿ ಇದೆ ಎಂದು ಯಾರೋ ಅಂದರು. ನನ್ನ ಮುಂದೆ ಒಂದು ಕಾರು ಬಂದು ನಿಂತಿತ್ತು. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ಕಡಿದು, ಎಡಗನ್ನಡಿಯಲ್ಲಿ ಹಿಂದಿನಿಂದ ಬರುವ ಗಾಡಿಗಳ ನಡುವೆ ಸಂದು ಹುಡುಕುತ್ತಾ ಹೊರಟೆ. ಕಣ್ಣೆಲ್ಲ ಎಡಕ್ಕೆ. ಹಿಂದೆ, ಬಲಗಡೆ, ಕರ್ರ್ ಅಂತ ಸದ್ದು.

ಆಗಿದ್ದೇನು ಅಂದರೆ, ಗಾಡಿ ತಿರುಗುವುದು ಹಿಂದಿನ ಆಕ್ಸಲ್ ಆಧಾರದ ಮೇಲೆ. ಆಕ್ಸಲ್‌ಗಿಂತ ಮುಂದಿನ ಭಾಗ ಎಡಕ್ಕೆ ಹೋದರೆ ಹಿಂದಿನ ಭಾಗ ಬಲಕ್ಕೆ ಬೀಸುತ್ತದೆ. ಕಾರಿನಲ್ಲಿ ಆಕ್ಸಲ್ ಹಿಂದೆ ಇರುವುದು ಮೂರಡಿ, ಹಾಗಾಗಿ ಗೊತ್ತೇ ಆಗುವುದಿಲ್ಲ. 31 ಅಡಿಯ ಕ್ಲಾಸ್ ಸಿ ಗಾಡಿಯಲ್ಲಿ, ಅಂದರೆ ಚಾಲಕನ ತಲೆಯ ಮೇಲೆ ಹಾಸಿಗೆ ಇರುವ ಮಾದರಿಯಲ್ಲಿ, ಆ ಬಾಲ ಸುಮಾರು ಹತ್ತಡಿ. 25 ಅಡಿಯದರಲ್ಲಿ ಏಳರ ಆಸುಪಾಸು. ಈಗ ಎಸ್ಸೆಸ್ಸೆಲ್ಸಿ ಲೆಕ್ಕ ಮಾಡಿ. ಹಿಂದಿನ ಹೊರಚಕ್ರ 30 ಅಡಿ ತ್ರಿಜ್ಯದಲ್ಲಿ ತಿರುಗುತ್ತಿದೆ ಅನ್ನಿ. 30ರ ವರ್ಗ 900, ಬಾಲದ 10ರ ವರ್ಗ 100, ಕೂಡಿದರೆ 1,000, ಅದರ ವರ್ಗಮೂಲ 31.6. ಅಂದರೆ ಹಿಂಬದಿ ಮೂಲೆ ಚಕ್ರದ ಜಾಡಿಗಿಂತ 1.6 ಅಡಿ, 19 ಇಂಚು, ಹೊರಗೆ ಬರುತ್ತದೆ. ಬಾಲ 7 ಅಡಿಯದಾದರೆ 900ಕ್ಕೆ 49 ಸೇರಿಸಿ, ವರ್ಗಮೂಲ 30.8, ಬೀಸು ಹತ್ತೇ ಇಂಚು. ಬಾಲ ಮೂರಡಿ ಉದ್ದವಾದರೆ ಬೀಸು ಹೆಚ್ಚುಕಡಿಮೆ ದುಪ್ಪಟ್ಟು! ನಾನು ಬಿಟ್ಟಿದ್ದ ಜಾಗ 12 ಇಂಚು. ಚಿಕ್ಕ ಗಾಡಿಯಾಗಿದ್ದರೆ ಅದೇ ತಿರುವಿನಲ್ಲಿ ಎರಡಿಂಚಿನಲ್ಲಿ ಪಾರಾಗುತ್ತಿತ್ತು.

ಇನ್ನೂ ಒಂದಿದೆ. ಈ ಬೀಸು ವೇಗಕ್ಕೆ ಸಂಬಂಧಪಟ್ಟದ್ದಲ್ಲ, ಸ್ಟೇರಿಂಗ್ ಎಷ್ಟು ಕಡಿದಿರಿ ಅನ್ನುವುದಕ್ಕೆ ಸಂಬಂಧಪಟ್ಟದ್ದು. ಆಮೆಯಂತೆ ಹೊರಟರೂ ಪೂರ್ತಿ ಕಡಿದಿದ್ದರೆ 19 ಇಂಚೇ. ತ್ರಿಜ್ಯ 60 ಅಡಿ ಆಗುವಂತೆ ಅರ್ಧ ಕಡಿದಿದ್ದರೆ 3,600ಕ್ಕೆ 100 ಸೇರಿ 60.8, ಮತ್ತೆ ಹತ್ತೇ ಇಂಚು. ಮುಂದಿನ ಕಾರಿನವರು ಹೋಗುವವರೆಗೆ ಎರಡು ನಿಮಿಷ ಕಾದಿದ್ದರೆ, ಇಲ್ಲವೇ ನೇರ ಹಿಂದಕ್ಕೆ ಹತ್ತಡಿ ತಗೊಂಡು ಸಲೀಸಾಗಿ ತಿರುಗಿಸಿದ್ದರೆ, ಸಾವಿರದೈನೂರು ಡಾಲರ್ ಉಳಿಯುತ್ತಿತ್ತು. ನಮ್ಮೂರ ಬಸ್ಸಿನ ಕಂಡಕ್ಟರ್ ಕೆಳಗಿಳಿದು ಹಿಂದೆ ನಿಂತು ಬಡಿಯುತ್ತಾ "ಬರ್ಲಿ, ಬರ್ಲಿ" ಅನ್ನುವುದು ಸುಮ್ಮನೆ ಅಲ್ಲ. ಆರು ಜನ ಇದ್ದೀರಿ, ಒಬ್ಬರನ್ನು ಕಂಡಕ್ಟರ್ ಮಾಡಿ, ಪ್ರತಿ ಸಲವೂ ಇಳಿಸಿ.

ಬಾಡಿಗೆ ಗಾಡಿ ಕೈಗೆ ಬಂದ ಕೂಡಲೇ ಖಾಲಿ ಪಾರ್ಕಿಂಗ್ ಲಾಟ್‌ಗೆ ಒಯ್ಯಿರಿ. ಬಲಗಡೆ ಚಕ್ರಗಳು ನೆಲದ ಬಿಳಿ ಗೆರೆಗೆ ಸಮವಾಗುವಂತೆ ನೇರ ನಿಲ್ಲಿಸಿ. ಒಬ್ಬರು ಹಿಂಬದಿಯ ಬಲಮೂಲೆಯಿಂದ ನಾಲ್ಕಡಿ ಆಚೆ ನಿಲ್ಲಲಿ. ಸ್ಟೇರಿಂಗ್ ಪೂರ್ತಿ ಎಡಕ್ಕೆ ಕಡಿದು, ಬಲಗನ್ನಡಿಯನ್ನೇ ನೋಡುತ್ತಾ ಹತ್ತಡಿ ಮುಂದೆ ಹೋಗಿ. ಮೂಲೆ ಗೆರೆ ದಾಟಿ ಎಲ್ಲಿಯವರೆಗೆ ಬಂತೋ ಅಲ್ಲೊಂದು ನೀರಿನ ಬಾಟಲಿ ಇಡಿ. ಇಳಿದು ಬಂದು ನೋಡಿ. ಹತ್ತು ನಿಮಿಷದ ಕೆಲಸ. ಪೆಟ್ರೋಲ್ ಬಂಕಿನಲ್ಲಿ ಪಂಪಿನ ಪಕ್ಕದ ಹಳದಿ ಕಂಬ ನೋಡಿದಾಗಲೆಲ್ಲ ಆ ಬಾಟಲಿ ನೆನಪಾಗುತ್ತದೆ.

ಬುಕ್ ಮಾಡುವಾಗ ಒಟ್ಟು ಉದ್ದ ಒಂದೇ ಕೇಳಬೇಡಿ. ಹಿಂದಿನ ಆಕ್ಸಲ್‌ನಿಂದ ಬಂಪರ್‌ವರೆಗೆ ಎಷ್ಟಡಿ ಎಂದು ಕೇಳಿ. ಫೋನಿನಲ್ಲಿರುವವರಿಗೆ ಗೊತ್ತಿರುವುದಿಲ್ಲ, ಟೇಪ್ ಹಿಡಿದು ಅಳೆದು ಹೇಳಲಿ. ಕ್ರೆಡಿಟ್ ಕಾರ್ಡಿನ ಜೊತೆ ಬರುವ ಬಾಡಿಗೆ ಕಾರಿನ ವಿಮೆ ಸಾಮಾನ್ಯವಾಗಿ ಆರ್‌ವಿಗೆ ಅನ್ವಯಿಸುವುದಿಲ್ಲ. ಬಾಡಿಗೆಯವರ ವಿಮೆಯಲ್ಲೂ ಚಾವಣಿ ಮತ್ತು ತಳಭಾಗಕ್ಕೆ ಆದ ಪೆಟ್ಟು ಹೆಚ್ಚಾಗಿ ಸೇರಿರುವುದಿಲ್ಲ. ಆ ಎರಡು ಸಾಲನ್ನು ಹುಡುಕಿ ಓದಿ, ಆಮೇಲೆ ಸಹಿ ಹಾಕಿ.

ಇಷ್ಟು ಹೇಳಿದ ಮೇಲೆ, ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅನ್ನುತ್ತೇನೆ. ಬೇಜಾರು ಮಾಡ್ಕೋಬೇಡಿ. 25ಓ 31ಓ ಅನ್ನುವುದು ಎರಡನೇ ಪ್ರಶ್ನೆ. ಬೆಳಗಿನ ಜಾವ ಐದಕ್ಕೆ ಯಾವುದರಲ್ಲಿ ಹೊರಡುತ್ತೀರಿ ಅನ್ನುವುದು ಮೊದಲನೆಯದು. ಆ 31 ಅಡಿಯನ್ನು ಪುಲ್‌ಔಟ್‌ಗೆ ನುಗ್ಗಿಸಬೇಕಾಗಿ ಬಂದಿದ್ದೇ ಓಡಾಡಲು ಬೇರೆ ಗಾಡಿ ಇಲ್ಲದ್ದರಿಂದ. ಹನ್ನೊಂದು ಗಂಟೆಗೆ ಅಲ್ಲಿದ್ದುದೂ ಅದರಿಂದಲೇ. ಆರ್‌ವಿ ಹೊರಡಿಸುವುದು ಅಂದರೆ ಹಾಸಿಗೆ ಮಡಚು, ಪಾತ್ರೆ ಕಟ್ಟು, ಕಪಾಟು-ಫ್ರಿಜ್ ಬಾಗಿಲಿಗೆ ಚಿಲಕ ಹಾಕು, ಹೊರಕ್ಕೆ ಚಾಚಿದ ಗೋಡೆಯನ್ನು (ಸ್ಲೈಡ್‌ಔಟ್) ಒಳಗೆಳೆ, ಕರೆಂಟಿನ ಕೇಬಲ್ ಸುತ್ತು, ನೀರಿನ ಪೈಪ್ ಬಿಚ್ಚು. ಮಕ್ಕಳನ್ನು ಎಬ್ಬಿಸಿ ಇಷ್ಟೂ ಮಾಡಿದರೆ ಒಂದು ಗಂಟೆ. ಜುಲೈಯಲ್ಲಿ ಅಲ್ಲಿ ಆರು ಗಂಟೆಗೆಲ್ಲ ಬೆಳಕು. ಹತ್ತರ ಮೇಲೆ ಬಿಸಿಲೇರಿದರೆ ಕರಡಿ, ತೋಳ ಮರದ ನೆರಳಿಗೆ ಸರಿದಿರುತ್ತವೆ. ನಾವು ನೋಡಿದ್ದು ಕರಡಿ ನೋಡಲು ನಿಂತಿದ್ದ ಜನರನ್ನು.

ಒಳಗೆ ಕೂತು ನೋಡುವ ಆಸೆಯನ್ನೂ ಬಿಡಿ. ಪಕ್ಕದ ಕಿಟಕಿಗಳಿಗೆ ಕಪ್ಪು ಛಾಯೆಯ ಗಾಜು, ಹಿಂದೆ ಕೂತವರಿಗೆ ಮುಂದಿನ ರಸ್ತೆ ಕಾಣದು. ಸ್ಪ್ರಿಂಗ್ ಮೇಲೆ ನಿಂತ ಪೆಟ್ಟಿಗೆ ಅದು, ಒಬ್ಬರು ಎದ್ದು ಓಡಾಡಿದರೆ ಪೂರ್ತಿ ಅಲುಗುತ್ತದೆ, ದುರ್ಬೀನು ನಿಲ್ಲುವುದೇ ಇಲ್ಲ. ಬಂಡೀಪುರ, ನಾಗರಹೊಳೆಯ ಸಫಾರಿಯಲ್ಲಿ ಜೀಪಿನವನೇ ತೋರಿಸುತ್ತಾನೆ, ಇಳಿಯುವಂತಿಲ್ಲ. ಇಲ್ಲಿ ನಿಮ್ಮ ಗಾಡಿ, ನಿಮ್ಮ ಕಣ್ಣು. ಪುಲ್‌ಔಟ್‌ನಲ್ಲಿ ಪೂರ್ತಿ ಬಿಳಿಗೆರೆಯ ಆಚೆ ನಿಲ್ಲಿಸಿ, ಇಳಿದು, 8x42 ದುರ್ಬೀನಿನಲ್ಲಿ ಹುಲ್ಲಿನ ಅಂಚು ಮರಕ್ಕೆ ಸೇರುವ ಗೆರೆಯನ್ನು ನಿಧಾನ ಜಾಲಾಡಬೇಕು.

ಅಂತರದ ನಿಯಮ: ಕರಡಿ, ತೋಳ, ಕೂಗರ್ (ಪರ್ವತ ಸಿಂಹ) ಇವಕ್ಕೆ 100 ಗಜ, ಉಳಿದವಕ್ಕೆ 25 ಗಜ. ಅಳತೆ ಹೊಳೆಯದಿದ್ದರೆ ಕ್ರಿಕೆಟ್ ಪಿಚ್ ನೆನಪಿಸಿಕೊಳ್ಳಿ, ಅದು 22 ಗಜ. ಬೈಸನ್‌ಗೆ ಒಂದು ಪಿಚ್‌ಗಿಂತ ಸ್ವಲ್ಪ ಜಾಸ್ತಿ, ಕರಡಿಗೆ ನಾಲ್ಕೂವರೆ ಪಿಚ್. ಮಾವನವರಿಗೆ ಮೊದಲೇ ಹೇಳಿಬಿಡಿ, ನಾವು ಊರಲ್ಲಿ ಬೈಸನ್ ಅನ್ನುವ ಕಾಟಿ ಬೇರೆ, ಇದು ಬೇರೆ ಪ್ರಾಣಿ. ದೊಡ್ಡ ಗಂಡು 900 ಕಿಲೋ ತೂಗುತ್ತದೆ, ಗಂಟೆಗೆ 50 ಕಿಲೋಮೀಟರ್ ಮೀರಿ ಓಡುತ್ತದೆ. ಹಸುವಿನ ಹಾಗೆ ಮೇಯುತ್ತಿರುತ್ತದಲ್ಲ ಅಂತ ಫೋಟೋಗೆ ಹತ್ತಿರ ಹೋಗುತ್ತಾರೆ. ಬಾಲ ಎತ್ತಿ ನಿಗುರಿಸಿತು ಅಂದರೆ ಕೋಪ ಬಂದಿದೆ ಎಂದು ಅರ್ಥ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬೆದೆಯ ಕಾಲ, ಆಗ ಇನ್ನೂ ಜಾಗ್ರತೆ.

ಹಾಗಾಗಿ ನನ್ನ ಉತ್ತರ: 25 ಅಡಿಯ ಆರ್‌ವಿ, ಜೊತೆಗೊಂದು ಬಾಡಿಗೆ ಕಾರು. ಬಾಡಿಗೆ ಆರ್‌ವಿಯವರು ಹಿಂದೆ ಕಾರು ಕಟ್ಟಿ ಎಳೆಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಗಂಡ ಒಂದು, ಹೆಂಡತಿ ಒಂದು ಓಡಿಸಿ. ಸಾಲ್ಟ್ ಲೇಕ್‌ನಿಂದ ವೆಸ್ಟ್ ಯೆಲ್ಲೋಸ್ಟೋನ್ ಊರಿಗೆ ಸುಮಾರು 320 ಮೈಲಿ, ಆರ್‌ವಿಯಲ್ಲಿ ಏಳು ತಾಸು ಅಂದುಕೊಳ್ಳಿ. ಖರ್ಚು ಜಾಸ್ತಿಯಲ್ಲವೇ ಅಂದರೆ, ಹೌದು. ಆದರೆ ಗ್ಯಾಲನ್‌ಗೆ ಎಂಟು-ಒಂಬತ್ತು ಮೈಲಿ ಕೊಡುವ ಗಾಡಿಯನ್ನು ದಿನಾ ನೂರು ಮೈಲಿ ಸುತ್ತಿಸುವ ಪೆಟ್ರೋಲೂ ಉಳಿಯುತ್ತದೆ. ಬಿಸಿನೀರ ಬುಗ್ಗೆಗಳಿರುವ ಮಿಡ್‌ವೇ ಗೀಸರ್ ಬೇಸಿನ್‌ನಂಥ ಕಡೆ ಬೆಳಿಗ್ಗೆ ಹತ್ತರ ಮೇಲೆ ಆರ್‌ವಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಮ್ಯಾಮತ್‌ನ ಅಪ್ಪರ್ ಟೆರೇಸ್ ಡ್ರೈವ್, ಫೈರ್‌ಹೋಲ್ ಕ್ಯಾನ್ಯನ್ ಡ್ರೈವ್, ದಕ್ಷಿಣಕ್ಕಿರುವ ಗ್ರ್ಯಾಂಡ್ ಟೀಟನ್ ಉದ್ಯಾನದ ಮೂಸ್-ವಿಲ್ಸನ್ ರಸ್ತೆಗೆ ಆರ್‌ವಿ ಬಿಡುವುದೇ ಇಲ್ಲ.

ಸೀಟ್ ಬೆಲ್ಟ್ ಎಣಿಸಿ. ಆರು ಜನ ಮಲಗಬಹುದು ಅಂದ ಮಾತ್ರಕ್ಕೆ ಆರು ಬೆಲ್ಟ್ ಇರಬೇಕೆಂದಿಲ್ಲ. ಮಕ್ಕಳ ಸೀಟನ್ನು ಮುಂದಕ್ಕೆ ಮುಖ ಮಾಡಿದ ಆಸನಕ್ಕೆ ಕಟ್ಟಬೇಕು, ಪಕ್ಕಕ್ಕೆ ಮುಖವಿರುವ ಸೋಫಾಕ್ಕಲ್ಲ. ಕಾರಿದ್ದರೆ ಈ ತಲೆನೋವೂ ಇಲ್ಲ.

ಉಳಿಯಲು ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕ್. ಉದ್ಯಾನದೊಳಗೆ ಕರೆಂಟು, ನೀರು, ಚರಂಡಿ ಮೂರೂ ಸಿಗುವುದು ಅಲ್ಲಿ ಮಾತ್ರ. ಗ್ರಿಜ್ಲಿ ಓಡಾಡುವ ಜಾಗವಾದ್ದರಿಂದ ಟೆಂಟಿಗೆ ಅವಕಾಶವಿಲ್ಲ. ಒಂದು ವರ್ಷ ಮುಂಚೆಯೇ ಬುಕಿಂಗ್ ನೋಡಿ. ಹೇಡನ್ ಕಣಿವೆ ಅಲ್ಲಿಂದ ಇಪ್ಪತ್ತು ನಿಮಿಷ. ತೋಳ ಬೇಕಾದರೆ ಲಮಾರ್ ಕಣಿವೆ, ಡನ್‌ರೇವನ್ ಪಾಸ್ ಎಂಬ ಘಟ್ಟ ಹತ್ತಿ ಇಳಿದು ಒಂದೂವರೆ ತಾಸಿನ ದಾರಿ, ನಾಲ್ಕೂಕಾಲಿಗೇ ಹೊರಡಬೇಕು. 1995ರಲ್ಲಿ ಕೆನಡಾದಿಂದ ತಂದ ತೋಳಗಳ ಸಂತತಿಯನ್ನು ಅಲ್ಲಿ ದಿನವೂ ಟೆಲಿಸ್ಕೋಪ್ ಹೂಡಿ ನೋಡುವವರಿದ್ದಾರೆ. ಅವರು ಸಾಲಾಗಿ ನಿಂತಿರುವ ಕಡೆ ನಿಲ್ಲಿಸಿ, ಮಾತಾಡಿಸಿದರೆ ತೋರಿಸುತ್ತಾರೆ.

ಕರೆಂಟ್ ಇಲ್ಲದ ಕ್ಯಾಂಪ್ ಸಿಕ್ಕರೆ ಚಳಿಯ ಲೆಕ್ಕ ಹಾಕಿ. ಜುಲೈಯಲ್ಲೂ ರಾತ್ರಿ 4-5 ಡಿಗ್ರಿಗೆ ಇಳಿಯುತ್ತದೆ. ಹೀಟರ್ ಉರಿಯುವುದು ಗ್ಯಾಸಿನಲ್ಲಾದರೂ ಅದರ ಫ್ಯಾನು ಬ್ಯಾಟರಿಯಲ್ಲಿ, ಏಳೆಂಟು ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಅವರ್ ಲೆಡ್ ಬ್ಯಾಟರಿಯಲ್ಲಿ ಬಳಸಬಹುದಾದ್ದು ಅರ್ಧ. ಬಿಡದೆ ಓಡಿದರೆ ಆರೇಳು ತಾಸಿಗೆ ಮುಗಿಯಿತು. ಜನರೇಟರ್‌ಗೆ ಅನುಮತಿ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು. ಟ್ಯಾಂಕ್ ಕಾಲು ಭಾಗಕ್ಕಿಂತ ಇಳಿದರೆ ಅದೂ ನಿಲ್ಲುತ್ತದೆ, ಎಂಜಿನ್‌ಗೆ ಪೆಟ್ರೋಲ್ ಉಳಿಸಲೆಂದೇ ಹಾಗೆ ಮಾಡಿರುತ್ತಾರೆ.

ಅಡುಗೆಗೆ ಕುಕ್ಕರ್ ಒಯ್ಯಲೇಬೇಕು. ಎಂಟು ಸಾವಿರ ಅಡಿ ಎತ್ತರದಲ್ಲಿ ನೀರು 92 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ತುಂಬ ಹೊತ್ತು ಬೇಕು. ಊರಿನ 230 ವೋಲ್ಟ್ ಮಿಕ್ಸಿ ಅಲ್ಲಿ ಸರಿಯಾಗಿ ತಿರುಗದು, ಹುಳಿಪುಡಿ, ಸಾರಿನಪುಡಿ ಮನೆಯಿಂದಲೇ ಮಾಡಿಕೊಂಡು ಹೋಗಿ. ಪಾತ್ರೆಯ ಜಿಡ್ಡನ್ನು ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯಿರಿ, ಇಲ್ಲದಿದ್ದರೆ ತೊಳೆದ ನೀರು ಸೇರುವ 30 ಗ್ಯಾಲನ್ ಗ್ರೇ ಟ್ಯಾಂಕ್ ಎರಡೇ ದಿನಕ್ಕೆ ತುಂಬುತ್ತದೆ. ಶೌಚದ ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ಸದಾ ಮುಚ್ಚಿರಲಿ. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಮಾತ್ರ ಉಳಿದು ಕಲ್ಲಾಗುತ್ತದೆ. ಮುಕ್ಕಾಲು ತುಂಬಿದ ಮೇಲೆ ಕೈಗವಸು ಹಾಕಿ ಮೊದಲು ಬ್ಲ್ಯಾಕ್, ಆಮೇಲೆ ಗ್ರೇ ಬಿಡಿ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಚೊಂಬಿನ ಅಭ್ಯಾಸ ಇರುವ ನಮ್ಮವರಿಂದ ಈ ಟ್ಯಾಂಕಿಗೆ ಒಳ್ಳೆಯದೇ, ತುಂಬುವುದು ಮಾತ್ರ ಬೇಗ.

2026ರಿಂದ ಅಮೆರಿಕದ ನಿವಾಸಿಗಳಲ್ಲದವರಿಗೆ ಪ್ರವೇಶದ ದರ ಬೇರೆ, ಹೆಚ್ಚು. ಅತ್ತೆ-ಮಾವನ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಕರಡಿ ಮೇಲೆರಗಿದರೆ ಎರಚುವ ಖಾರದ ಬೇರ್ ಸ್ಪ್ರೇ ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಿ, ನಡೆಯುವಾಗ ಸೊಂಟಕ್ಕೆ ಕಟ್ಟಿಕೊಳ್ಳಿ, ಬ್ಯಾಗಿನೊಳಗಲ್ಲ. ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟರೆ ಡಬ್ಬಿ ಸಿಡಿಯಬಹುದು. ಗಾಡಿ ವಾಪಸ್ ಕೊಡುವ ಮುಂಚೆ ಹಿಂಬದಿಯ ಎರಡೂ ಮೂಲೆಗಳ ಫೋಟೋ ತೆಗೆಯಿರಿ. ತಗೊಳ್ಳುವಾಗಲೂ ತೆಗೆದಿಟ್ಟುಕೊಂಡಿರಿ. ನಮ್ಮ ಗಾಡಿಯ ಎಡಮೂಲೆಯಲ್ಲಿ ಹಿಂದಿನ ಬಾಡಿಗೆದಾರರು ಮಾಡಿದ ಗೀರೊಂದಿತ್ತು, ನನ್ನದಕ್ಕಿಂತ ಉದ್ದ.