ಪ್ರಶ್ನೆ ಕೇಳೋ ಮಗು ಅಧಿಕಪ್ರಸಂಗಿನಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಶಾಲೆ ಬಗ್ಗೆನೇ. ಮಾರ್ಕ್ಸ್ ಜಾಸ್ತಿ ತೆಗೆಯೋದು ಹೇಗೆ ಅಂತಲ್ಲ, ನಮ್ಮ ಮಕ್ಕಳು ಎಂಥವರಾಗಿ ಬೆಳೀತಿದಾರೆ ಅಂತ ಕೇಳಿದೀರಿ. ಅದಕ್ಕೇ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವಕ್ಕಷ್ಟೇ ಬರೀತಿದೀನಿ.

ಪ್ರಶ್ನೆ: ನನ್ನ ಮಗ ಏಳನೇ ಕ್ಲಾಸು. ಎಲ್ಲದಕ್ಕೂ ಯಾಕೆ ಯಾಕೆ ಅಂತಾನೆ. ಸಮಾಜ ಪಾಠದಲ್ಲಿ ರಾಜ ಯುದ್ಧ ಗೆದ್ದ ಅಂದಾಗ ಸೋತ ಊರಿನ ಜನ ಏನಾದ್ರು ಮಿಸ್ ಅಂತ ಕೇಳಿದ್ನಂತೆ, ಪಾಠ ಕೆಡಿಸ್ತಾನೆ ಅಂತ ಹೊರಗೆ ನಿಲ್ಸಿದ್ರು. ಪೇರೆಂಟ್ಸ್ ಮೀಟಿಂಗಲ್ಲಿ ಅಧಿಕಪ್ರಸಂಗಿ, ಮನೇಲಿ ಸಂಸ್ಕಾರ ಕಲ್ಸಿ ಅಂದ್ರು. ನಮ್ಮನೆಯವರೂ ಅದೇ ಹೇಳ್ತಾರೆ. ನಾನೇನು ಮಾಡ್ಲಿ?
— ಒಬ್ಬ ತಾಯಿ, ತುಮಕೂರು

ಉತ್ತರ: ಅಮ್ಮಾ, ಮೊದಲು ನಿಮ್ಮ ಮಗ ಕೇಳಿದ ಪ್ರಶ್ನೆನ ಇನ್ನೊಂದ್ಸಲ ಓದಿ. ಗೆದ್ದವನ ಕಥೆ ಹೇಳ್ತಿರುವಾಗ ಸೋತವರ ಗತಿ ಏನಾಯ್ತು ಅಂತ ಒಬ್ಬ ಹನ್ನೆರಡು ವರ್ಷದ ಹುಡುಗನಿಗೆ ಅನ್ಸಿದೆ ಅಂದ್ರೆ ಅವನಿಗೆ ಬುದ್ಧಿನೂ ಇದೆ ಕರುಣೆನೂ ಇದೆ, ಎರಡೂ ಒಂದೇ ಪ್ರಶ್ನೇಲಿ ಬಂದಿದೆ. ಸಂಸ್ಕಾರ ಅಂತ ನಾವು ಹುಡುಕ್ತಿರೋದು ಅದನ್ನೇ ಅಲ್ವಾ?

ಪ್ರಶ್ನೆ ಕೇಳೋರು ಗೌರವ ಇಲ್ಲದೋರು ಅನ್ನೋ ಮಾತು ನಮ್ಮಲ್ಲಿ ಯಾಕೋ ಗಟ್ಟಿಯಾಗಿ ಕೂತ್ಬಿಟ್ಟಿದೆ. ನಿಮ್ಮ ಮನೆಯವರಿಗೆ ಡಾ. ಎಚ್. ನರಸಿಂಹಯ್ಯನವರ ಬಗ್ಗೆ ಹೇಳಿ. ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಮನೆ ಹುಡುಗ, ಓದೋ ಆಸೆಗೆ ಬೆಂಗಳೂರಿಗೆ ನಡ್ಕೊಂಡೇ ಬಂದವರು, ಸ್ವಾತಂತ್ರ್ಯ ಚಳವಳೀಲಿ ಜೈಲಿಗೆ ಹೋದವರು, ಅಮೆರಿಕಾಗೆ ಹೋಗಿ ಫಿಸಿಕ್ಸಲ್ಲಿ ಡಾಕ್ಟರೇಟ್ ಮಾಡಿ ವಾಪಸ್ ಬಂದು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಲ್ಲೇ ಜೀವನ ಕಳೆದವರು, ಕೊನೇವರೆಗೂ ಖಾದಿ. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಕೋಬೇಡಿ ಅನ್ನೋದೇ ಅವರು ಹುಡುಗರಿಗೆ ಹೇಳ್ತಿದ್ದ ಮಾತು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದ್ರು, ಬೆಂಗಳೂರು ಯೂನಿವರ್ಸಿಟಿ ವಿಸಿ ಆಗಿದ್ದಾಗ 1976ರಲ್ಲಿ ಪವಾಡಗಳನ್ನ ಪರೀಕ್ಷೆ ಮಾಡೋಕೆ ಕಮಿಟಿನೇ ಮಾಡಿದ್ರು. ಅಷ್ಟು ಪ್ರಶ್ನೆ ಕೇಳಿದ ಆ ಮನುಷ್ಯನಷ್ಟು ಸರಳ, ಪ್ರಾಮಾಣಿಕ ಮೇಷ್ಟ್ರು ನಮ್ಮ ನಾಡಲ್ಲಿ ಎಷ್ಟು ಜನ ಸಿಗ್ತಾರೆ ಹೇಳಿ. ವಿಚಾರ ಮಾಡೋದು ಬೇರೆ ನಡತೆ ಬೇರೆ ಅಂತ ಅವರನ್ನ ನೋಡಿದ ಯಾರೂ ಹೇಳೋಕಾಗಲ್ಲ.

ಹಾಗಂತ ಪಾಠ ಮಾಡ್ತಿರುವಾಗ ಮಧ್ಯ ಮಧ್ಯ ಬಾಯಿ ಹಾಕೋದು ಸರಿ ಅಂತ ನಾನು ಹೇಳ್ತಿಲ್ಲ. ಮಗನಿಗೆ ಕೈ ಎತ್ತಿ ಕೇಳೋದು, ಆಗ ಆಗ್ಲಿಲ್ಲ ಅಂದ್ರೆ ನೋಟ್ಸ್ ಕೊನೇ ಪುಟದಲ್ಲಿ ಬರ್ಕೊಂಡು ಪಿರಿಯಡ್ ಮುಗಿದ್ಮೇಲೆ ಕೇಳೋದು, ಬೇರೆ ಮಗು ಕೇಳುವಾಗ ಸುಮ್ನಿದ್ದು ಕೇಳಿಸ್ಕೊಳ್ಳೋದು, ಇಷ್ಟು ಕಲ್ಸಿ. ಮಿಸ್ ಹತ್ರ ಒಬ್ರೇ ಹೋಗಿ ಮಾತಾಡಿ, ಜಗಳಕ್ಕಲ್ಲ. ಅವರಿಗೂ ಪೋರ್ಶನ್ ಮುಗಿಸೋ ಟೆನ್ಷನ್ ಇರುತ್ತೆ. ಆದ್ರೆ ಹೊರಗೆ ನಿಲ್ಸಿದ ವಿಷಯ ಮಾತ್ರ ಸ್ಪಷ್ಟವಾಗಿ ಹೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ 17ನೇ ಸೆಕ್ಷನ್ ಹೊಡೆಯೋದನ್ನ ಮಾತ್ರ ಅಲ್ಲ ಮಾನಸಿಕ ಹಿಂಸೆನೂ ನಿಷೇಧಿಸುತ್ತೆ, ಎಲ್ಲರೆದುರು ಅವಮಾನ ಮಾಡೋದು ಶಿಸ್ತು ಅಲ್ಲ.

ಪ್ರಶ್ನೆ: ನಾನು ನಮ್ಮೂರ ಶಾಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೆಂಬರ್. ಮಕ್ಕಳು ದಾರಿ ತಪ್ತಿದಾರೆ, ವಾರಕ್ಕೆ ಎರಡು ನೀತಿಪಾಠದ ಪಿರಿಯಡ್ ಇಟ್ಟು ಅದಕ್ಕೂ ಟೆಸ್ಟ್ ಮಾಡೋಣ ಅಂತ ಮೀಟಿಂಗಲ್ಲಿ ಮಾತು ಬಂತು. ಸರೀನಾ ಸಾರ್?
— ಓದುಗ, ಹಾವೇರಿ ಜಿಲ್ಲೆ

ಉತ್ತರ: ಪಿರಿಯಡ್ ಇಡಿ, ಕಥೆ ಹೇಳಿ, ಬೇಡ ಅನ್ನಲ್ಲ. ಟೆಸ್ಟ್ ಮಾತ್ರ ಬೇಡ. ಸತ್ಯ ಹೇಳ್ಬೇಕು ಅಂತ ಬರೆದ್ರೆ ಎರಡು ಮಾರ್ಕ್ಸ್ ಸಿಗುತ್ತೆ ಅಂತ ಗೊತ್ತಾದ ಮಗು ಹಾಗೇ ಬರೆಯುತ್ತೆ, ಅಷ್ಟೆ.

ನಿಮ್ಮ ಕಮಿಟೀಲಿ ಇನ್ನೊಂದು ವಿಷಯ ಚರ್ಚೆಗೆ ತನ್ನಿ. 2023ರಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟು 83.89 ಪರ್ಸೆಂಟ್ ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದ್ರು, ರಿಸಲ್ಟು 73.40ಕ್ಕೆ ಇಳೀತು, ಅದೂ ಆ ವರ್ಷ ಗ್ರೇಸ್ ಮಾರ್ಕ್ಸನ್ನ 10ರಿಂದ 20 ಪರ್ಸೆಂಟಿಗೆ ಏರಿಸಿದ್ಮೇಲೆ. ಇಳಿದಿದ್ದಕ್ಕೆಲ್ಲ ಕಾಪಿ ನಿಂತಿದ್ದೇ ಕಾರಣ ಅಂತ ನಾನು ಹೇಳಲ್ಲ, ಆದ್ರೆ ನಮ್ಮೆಲ್ಲರಿಗೂ ಒಳಗೊಳಗೇ ಗೊತ್ತಿರೋದೊಂದಿದೆ: ಕಾಪಿ ಅನ್ನೋದು ಬರೀ ಮಕ್ಕಳ ಕೆಲಸ ಆಗಿರ್ಲಿಲ್ಲ. ಕಿಟಕಿಯಿಂದ ಚೀಟಿ ಎಸೆದೋರು ದೊಡ್ಡೋರು, ನೋಡಿಯೂ ನೋಡದ ಹಾಗೆ ಇದ್ದೋರೂ ದೊಡ್ಡೋರು, ತಾಲೂಕಿಗೆ ಫಸ್ಟ್ ಬರ್ಬೇಕು ಜಿಲ್ಲೆಗೆ ಫಸ್ಟ್ ಬರ್ಬೇಕು ಅಂತ ಒತ್ತಡ ಹಾಕಿದೋರೂ ದೊಡ್ಡೋರೇ. ಹತ್ತು ವರ್ಷ ನೀತಿಕಥೆ ಕೇಳಿದ ಮಗುಗೆ ಆ ಮೂರು ಗಂಟೇಲಿ ನಾವೇ ಬೇರೆ ಪಾಠ ಹೇಳ್ಕೊಟ್ಟಿದೀವಿ, ನೆನಪಲ್ಲಿ ಉಳಿಯೋದು ಅದೇ. ಕ್ಯಾಮೆರಾ ಇದ್ದಾಗ ಕಾಪಿ ನಿಲ್ಲುತ್ತೆ, ಕ್ಯಾಮೆರಾ ಇಲ್ಲದಿದ್ರೂ ಮಾಡದೇ ಇರೋ ಮಗು ಬೇಕು ಅಂದ್ರೆ ಒಂದೆರಡು ಯೂನಿಟ್ ಟೆಸ್ಟಾದ್ರೂ ಮೇಲ್ವಿಚಾರಕರು ಇಲ್ಲದೆ ಮಾಡಿ ನೋಡಿ, ಮಕ್ಕಳಿಗೆ ಮೊದಲೇ ಹೇಳಿ, ನಿಮ್ಮನ್ನ ನಂಬಿದೀವಿ ಅಂತ, ಕಡಿಮೆ ಬಂದ್ರೆ ಯಾರೂ ಬಯ್ಯಲ್ಲ ಅಂತ. ಬಯ್ಯದೇ ಇರೋದು ನಿಮ್ಮ ಪಾಲಿನ ಪರೀಕ್ಷೆ.

ಇನ್ನೊಂದು, ನಿಮ್ಮ ಪಂಚಾಯ್ತೀಲಿ ಮಕ್ಕಳ ಗ್ರಾಮಸಭೆ ನಡೀತಿದೆಯಾ? ವರ್ಷಕ್ಕೊಂದ್ಸಲ ಮಾಡ್ಲೇಬೇಕು. ಎಷ್ಟೋ ಕಡೆ ಮಕ್ಕಳನ್ನ ಸಾಲಾಗಿ ಕೂರ್ಸಿ ಭಾಷಣ ಮಾಡಿ ಬಿಸ್ಕೆಟ್ ಕೊಟ್ಟು ಕಳಿಸ್ತಾರೆ. ಹಾಗಾಗೋಕೆ ಬಿಡಬೇಡಿ. ಹೆಣ್ಮಕ್ಕಳ ಟಾಯ್ಲೆಟ್ಟಿಗೆ ಚಿಲಕ ಇಲ್ಲ ಅಂತ ಒಂದು ಹುಡುಗಿ ಅಧ್ಯಕ್ಷರೆದುರು ಎದ್ದು ನಿಂತು ಹೇಳ್ಲಿ, ಪಿಡಿಒ ಬರ್ಕೊಳ್ಲಿ, ಮುಂದಿನ ಸಭೇಲಿ ಚಿಲಕ ಹಾಕಿದ್ರಾ ಇಲ್ವಾ ಅಂತ ಅದೇ ಹುಡುಗಿ ಕೇಳ್ಲಿ. ಪೌರನೀತಿ ಅಂತ ಪುಸ್ತಕದಲ್ಲಿರೋದು ಇದೇ.

ಪ್ರಶ್ನೆ: ಜಪಾನಲ್ಲಿ ಮಕ್ಕಳೇ ಶಾಲೆ ಗುಡಿಸ್ತಾರೆ, ಒಳ್ಳೆ ಗುಣ ಬರುತ್ತೆ ಅಂತಾರೆ. ಇಲ್ಲಿ ಮಕ್ಕಳ ಕೈಗೆ ಪೊರಕೆ ಕೊಟ್ರೆ ಗಲಾಟೆ ಆಗುತ್ತಲ್ಲ, ಯಾಕೆ?
— ನಿವೃತ್ತ ನೌಕರರು, ಮೈಸೂರು

ಉತ್ತರ: ಯಾಕಂದ್ರೆ ಇಲ್ಲಿ ಪೊರಕೆ ಯಾರ ಕೈಗೆ ಕೊಡ್ತಾರೆ ಅನ್ನೋದ್ರಲ್ಲಿ ಜಾತಿ ಇದೆ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೇಲಿ ದಲಿತ ಮಕ್ಕಳನ್ನ ಮಲದ ಗುಂಡಿಗೆ ಇಳ್ಸಿದ್ದು ನೀವೂ ಓದಿರ್ತೀರಿ. ಜಪಾನಲ್ಲಿ ಎಲ್ಲಾ ಮಕ್ಕಳೂ ಸರದಿ ಮೇಲೆ ಗುಡಿಸ್ತಾರೆ, ಊಟ ಬಡಿಸ್ತಾರೆ, ಎಷ್ಟೋ ಕಡೆ ಮೇಷ್ಟ್ರೂ ಜೊತೇಲೇ ಕೆಲಸ ಮಾಡ್ತಾರೆ. ನಮ್ಮಲ್ಲೂ ಹೆಡ್‌ಮಾಸ್ಟರಿಂದ ಹಿಡಿದು ಎಲ್ಲರ ಹೆಸರೂ ಇರೋ ಪಟ್ಟಿ ಗೋಡೆ ಮೇಲೆ ಹಾಕಿ, ಕ್ಲಾಸ್‌ರೂಮು, ಅಂಗಳ ಗುಡಿಸೋದು ಹುಡುಗರೂ ಮಾಡ್ಲಿ ಹುಡುಗೀರೂ ಮಾಡ್ಲಿ, ನಾನು ಖಂಡಿತ ಬೆಂಬಲಿಸ್ತೀನಿ. ಟಾಯ್ಲೆಟ್ ಕ್ಲೀನಿಂಗಿಗೆ ಸರ್ಕಾರ ಸಂಬಳ ಕೊಟ್ಟು ಜನ ಇಡ್ಬೇಕು, ಅವರಿಗೆ ಗ್ಲೌಸು ಬೂಟು ಕೊಡ್ಬೇಕು.

ಪ್ರಶ್ನೆ: ಹೊಸದಾಗಿ ಸೇರಿದ ಪ್ರೈಮರಿ ಟೀಚರ್ ನಾನು. ಮಕ್ಕಳನ್ನ ಸ್ವತಂತ್ರವಾಗಿ ಯೋಚನೆ ಮಾಡೋಕೆ ಬಿಡ್ಬೇಕು ಅಂತ ಟ್ರೈನಿಂಗಲ್ಲಿ ಹೇಳ್ತಾರೆ, ಕ್ಲಾಸಿಗೆ ಬಂದ್ರೆ ಗಲಾಟೆ, ರಿಜಿಸ್ಟರ್, ಆ್ಯಪು. ದೊಡ್ಡ ದೊಡ್ಡ ಪ್ರೈವೇಟ್ ಶಾಲೆಗಳಲ್ಲಿ ಮಾತ್ರ ಆಗೋದಾ ಇದು?
— ಶಿಕ್ಷಕಿ, ಯಾದಗಿರಿ ಜಿಲ್ಲೆ

ಉತ್ತರ: ಖಂಡಿತ ಅಲ್ಲಮ್ಮ. ಈ ವಿಚಾರದಲ್ಲಿ ನಮ್ಮ ರಾಜ್ಯದ ದೊಡ್ಡ ಕೆಲಸ ಶುರುವಾಗಿದ್ದೇ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ, 1995ರಲ್ಲಿ. ಅದೇ ನಲಿ-ಕಲಿ, ಮಕ್ಕಳು ಕಾರ್ಡುಗಳನ್ನ ಇಟ್ಕೊಂಡು ತಮ್ಮ ತಮ್ಮ ವೇಗದಲ್ಲಿ ಕಲಿಯೋ ಪದ್ಧತಿ. ಆಂಧ್ರದ ರಿಷಿ ವ್ಯಾಲಿ ಶಾಲೆಯವರು ಹಳ್ಳಿ ಶಾಲೆಗಳಲ್ಲಿ ಮಾಡ್ತಿದ್ದನ್ನ ನೋಡ್ಕೊಂಡು ಬಂದು ನಮ್ಮ ಮೇಷ್ಟ್ರುಗಳೇ ಕೂತು ಕಾರ್ಡು, ಕಲಿಕಾ ಏಣಿ (ಮಗು ಯಾವುದಾದ್ಮೇಲೆ ಯಾವುದು ಕಲೀಬೇಕು ಅಂತ ತೋರಿಸೋ ಮೆಟ್ಟಿಲುಗಳ ಪಟ್ಟಿ) ಎಲ್ಲ ಮಾಡಿದ್ರು. ಅದ್ರಲ್ಲಿ ನನಗೆ ಬಹಳ ಇಷ್ಟ ಆಗೋದು ಕೂರೋ ಕ್ರಮ. ಪೂರ್ತಿ ಶಿಕ್ಷಕರ ಸಹಾಯ, ಸ್ವಲ್ಪ ಶಿಕ್ಷಕರ ಸಹಾಯ, ಆಮೇಲೆ ಗೆಳೆಯರ ಸಹಾಯ, ಕೊನೆಗೆ ಸ್ವಕಲಿಕೆ, ಮಗು ತನ್ನ ಮೆಟ್ಟಿಲು ತಾನೇ ನೋಡ್ಕೊಂಡು ಒಂದು ಗುಂಪಿಂದ ಇನ್ನೊಂದಕ್ಕೆ ಹೋಗುತ್ತೆ. ರ‍್ಯಾಂಕ್ ಇಲ್ಲ, ಜ್ವರ ಬಂದು ಒಂದು ವಾರ ಬರದ ಮಗು ಬಿಟ್ಟಲ್ಲಿಂದ ಶುರು ಮಾಡುತ್ತೆ. ಸ್ವಾವಲಂಬನೆನೂ ಗೆಳೆತನನೂ ಅಲ್ಲೇ ಬರುತ್ತೆ, ಅದಕ್ಕೆ ಬೇರೆ ಪಿರಿಯಡ್ ಬೇಕಿಲ್ಲ. ಇದು ರಾಜ್ಯ ಪೂರ್ತಿ ಹರಡಿದ್ಮೇಲೆ ಎಷ್ಟೋ ಕಡೆ ಕಾರ್ಡು ಬೀರು ಸೇರ್ತು, ಟಿಕ್ ಹಾಕೋದಷ್ಟೇ ಉಳೀತು, ಅದು ನಿಜ, ನನಗೆ ತುಂಬಾ ಬೇಜಾರಿನ ವಿಷಯ. ಮೇಷ್ಟ್ರಿಗೇ ಯೋಚನೆ ಮಾಡೋ ಸ್ವಾತಂತ್ರ್ಯ ಕೊಡದೆ ಮಕ್ಕಳಿಗೆ ಕೊಡಿ ಅಂದ್ರೆ ಹೇಗೆ?

ಕೋಲಾರ ಜಿಲ್ಲೇಲಿ 1972ರಲ್ಲಿ ಡೇವಿಡ್ ಹಾರ್ಸ್‌ಬರ್ಗ್ ಅನ್ನೋರು ನೀಲ್‌ಬಾಗ್ ಅಂತ ಶಾಲೆ ಮಾಡಿದ್ರು, ಸುತ್ತಲ ಹಳ್ಳಿ ಮಕ್ಕಳಿಗೇ. ಪರೀಕ್ಷೆ ಇಲ್ಲ, ಶಿಕ್ಷೆ ಇಲ್ಲ, ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಕೂತು ಕಲಿಯೋದು, ಮರಗೆಲಸ, ತೋಟ, ಹಾಡು ಎಲ್ಲ ಪಾಠದ ಜೊತೇಲೇ. ನೀವು ಅಷ್ಟೆಲ್ಲ ಮಾಡೋಕಾಗಲ್ಲ, ಬೇಕಾಗೂ ಇಲ್ಲ. ನಾಳೆ ಒಂದು ಮಗು ಲೆಕ್ಕ ತಪ್ಪು ಮಾಡಿದ್ರೆ ತಪ್ಪು ಅನ್ನೋ ಮೊದಲು ಹೇಗೆ ಮಾಡ್ದೆ ಹೇಳು ಅಂತ ಕೇಳಿ, ಪೂರ್ತಿ ಹೇಳೋವರೆಗೂ ಕಾಯಿರಿ. ನಿಮಗೆ ಗೊತ್ತಿಲ್ಲದ್ದನ್ನ ಕೇಳಿದ್ರೆ ಗೊತ್ತಿಲ್ಲ ಕಣೋ, ನಾಳೆ ಇಬ್ರೂ ಹುಡ್ಕೊಂಡು ಬರೋಣ ಅನ್ನಿ. ಕ್ಲಾಸಿನ ನಿಯಮಗಳನ್ನ ಮಕ್ಕಳ ಹತ್ರನೇ ಬರೆಸಿ, ನೀವೂ ಅದಕ್ಕೆ ಒಳಪಡಿ. ಗಲಾಟೆ ಮೊದಮೊದಲು ಜಾಸ್ತಿನೇ ಆಗುತ್ತೆ, ಹೆದರಬೇಡಿ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ಜಾತ್ರೆ ಬಗ್ಗೆ ಪ್ರಬಂಧ ನಾನೇ ಯೋಚ್ನೆ ಮಾಡಿ ಬರೆದೆ, ಗೈಡಲ್ಲಿದ್ದ ಹಾಗೆ ಬರೆದೋರಿಗೆ ನನಗಿಂತ ಜಾಸ್ತಿ ಮಾರ್ಕ್ಸ್ ಬಂತು. ನಾನೂ ಗೈಡೇ ಓದ್ಲಾ?
— ವಿದ್ಯಾರ್ಥಿನಿ, ಶಿರಸಿ

ಉತ್ತರ: ಬೇಡ ಪುಟ್ಟಿ. ಮೊದಲು ಸರ್ ಹತ್ರ ಪೇಪರ್ ತಗೊಂಡೋಗಿ ಮಾರ್ಕ್ಸ್ ಎಲ್ಲಿ ಕಟ್ ಆಯ್ತು ಅಂತ ಕೇಳು, ಕಾಗುಣಿತ ತಪ್ಪಿರ್ಬಹುದು, ಪೀಠಿಕೆ ಉಪಸಂಹಾರ ಬಿಟ್ಟಿರ್ಬಹುದು. ಆ ಚೌಕಟ್ಟು ಹಾಗೇ ಇರ್ಲಿ, ಒಳಗೆ ನಿನ್ನ ಜಾತ್ರೆನೇ ಇರ್ಲಿ. ನಿಮ್ಮೂರಲ್ಲಿ ಎರಡು ವರ್ಷಕ್ಕೊಂದ್ಸಲ ನಡೆಯೋ ಮಾರಿಕಾಂಬಾ ಜಾತ್ರೇಲಿ ನೀನು ಏನು ನೋಡ್ದೆ ಅಂತ ಯಾವ ಗೈಡಲ್ಲೂ ಇರಲ್ಲ. ಆ ಪ್ರಬಂಧ ನಮ್ಮ ವಿಳಾಸಕ್ಕೂ ಕಳ್ಸು, ಮಾರ್ಕ್ಸ್ ಹಾಕಲ್ಲ, ಓದಿ ಉತ್ತರ ಬರೀತೀನಿ.