ಡ್ರೈ ಫ್ಲೈ ಕಟ್ಟುವವರ ಪ್ರಶ್ನೆಗಳು: ಗಾಳದ ಕಣ್ಣಿನ ಹಿಂದೆ ಜಾಗ ಬಿಡಿ

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ, ಕ್ಯಾಟ್‌ಸ್ಕಿಲ್ ಬೆಟ್ಟಗಳ ಹೊಳೆಗಳಿಗೆ ಟ್ರೌಟ್ ಹಿಡಿಯಲು ಹೋಗುತ್ತೇನೆ. ಮೂರು ತಿಂಗಳಿಂದ ಆಡಮ್ಸ್ ಎಂಬ ಡ್ರೈ ಫ್ಲೈ, ಅಂದರೆ ನೀರ ಮೇಲೆ ತೇಲುವಂತೆ ಗಾಳಕ್ಕೆ ಗರಿ, ತುಪ್ಪಳ ಕಟ್ಟಿ ಮಾಡುವ ಹುಳುವಿನಂಥ ಆಮಿಷ, ಕಟ್ಟಲು ಕಲಿಯುತ್ತಿದ್ದೇನೆ. ಪ್ರತಿ ಸಲವೂ ಕೊನೆಯ ಗಂಟಿಗೆ ಜಾಗವೇ ಉಳಿಯುವುದಿಲ್ಲ, ಗಾಳದ ಕಣ್ಣು, ಅಂದರೆ ಮೀನಿನ ದಾರ ಪೋಣಿಸುವ ಬಳೆ, ಮುಚ್ಚಿಹೋಗುತ್ತದೆ. ನೀರಿಗೆ ಬಿಟ್ಟರೆ ಮಗ್ಗುಲಾಗಿ ಮಲಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ತಪ್ಪು ಕಣ್ಣಿಗೆ ಬೀಳುವುದು ಕೊನೆಯಲ್ಲಿ, ಆಗುವುದು ಮಾತ್ರ ಮೊದಲ ಹತ್ತು ಸುತ್ತಿನಲ್ಲೇ. ರೆಕ್ಕೆಯನ್ನು ಕಣ್ಣಿಗೆ ತೀರಾ ಹತ್ತಿರ ಕೂರಿಸಿದರೆ ಅದರ ಮುಂದೆ ಬರಬೇಕಾದ ಗರಿ, ದಾರ, ಗಂಟು ಮೂರೂ ಒಂದರ ಮೇಲೊಂದು ಹತ್ತಿಕೊಳ್ಳುತ್ತವೆ. ಆಗ ಎಷ್ಟು ಜಾಣತನದಿಂದ ಗಂಟು ಹಾಕಿದರೂ ಪ್ರಯೋಜನವಿಲ್ಲ.

ಕಲಿಯಲು ಆಡಮ್ಸ್ ಆರಿಸಿಕೊಂಡದ್ದು ಒಳ್ಳೆಯದೇ ಆಯಿತು. 1922ರಲ್ಲಿ ಮಿಷಿಗನ್ನಿನ ಮೇಫೀಲ್ಡ್‌ನಲ್ಲಿ ಲೆನ್ ಹ್ಯಾಲಡೇ ಇದನ್ನು ಕಟ್ಟಿದರು. ಬೋರ್ಡ್‌ಮನ್ ನದಿಯಲ್ಲಿ ಇದನ್ನು ಬಳಸಿದ ಗೆಳೆಯ ಚಾರ್ಲ್ಸ್ ಆಡಮ್ಸ್ ಅವರ ಹೆಸರೇ ಇದಕ್ಕೆ ನಿಂತಿತು. ಇದು ಯಾವ ಒಂದು ಹುಳುವಿನ ಪಡಿಯಚ್ಚೂ ಅಲ್ಲ. ಆ ಬೂದು ಬಣ್ಣಕ್ಕೆ ಹಲವು ಜಾತಿಯ ಮೇಫ್ಲೈ ಹುಳುಗಳ ಹೋಲಿಕೆ ಇದೆ, ಅದಕ್ಕೇ ಎಲ್ಲ ಹೊಳೆಗೂ ಹೊಂದುತ್ತದೆ.

14ನೇ ನಂಬರಿನ ಡ್ರೈ ಫ್ಲೈ ಗಾಳವೊಂದನ್ನೇ ಇಟ್ಟುಕೊಳ್ಳಿ. 8/0 ಅಳತೆಯ ತೆಳು ದಾರ ಸಾಕು, ಬೂದು ಅಥವಾ ಕಪ್ಪು. ಅಳತೆಗೆ ಸ್ಕೇಲ್ ಬೇಡ, ಗಾಳವೇ ಅಳತೆಗೋಲು. ಬಾಲದ ಉದ್ದ ಗಾಳದ ದಂಡದಷ್ಟು (ಕಣ್ಣಿನಿಂದ ಬಾಗುವವರೆಗಿನ ನೇರ ಭಾಗ), ರೆಕ್ಕೆಯ ಎತ್ತರವೂ ದಂಡದಷ್ಟೇ. ಮುಂದೆ ಸುತ್ತುವ ಹ್ಯಾಕಲ್ ಗರಿಯ (ಹುಂಜದ ಕತ್ತಿನ ಗರಿ) ಎಳೆ, ದಂಡಕ್ಕೂ ಮೊನೆಗೂ ನಡುವಿನ ಅಂತರದ ಒಂದೂವರೆಯಿಂದ ಎರಡು ಪಟ್ಟಿನೊಳಗಿರಲಿ.

ದಾರವನ್ನು ಕಣ್ಣಿಗೆ ತಾಗಿಸಿ ಶುರು ಮಾಡಬೇಡಿ. ಒಂದು ಕಣ್ಣಿನಷ್ಟು ದಂಡ ಬರಿದಾಗಿ ಬಿಟ್ಟು, ಅಲ್ಲಿಂದ ಹಿಂದಕ್ಕೆ ಸುತ್ತಿ. ಆ ಬರಿದು ಜಾಗಕ್ಕೆ ಕೊನೆಯ ಗಂಟಿನ ತನಕ ಏನೂ ಬರಕೂಡದು. ರೆಕ್ಕೆಯ ಸ್ಥಾನ ಕಣ್ಣಿನಿಂದ ದಂಡದ ಮೂರನೇ ಒಂದು ಭಾಗ ಹಿಂದೆ. ಹೊಸಬರಿಗೆ ಇದು ತೀರಾ ಹಿಂದೆ ಬಂತು ಅನ್ನಿಸುತ್ತದೆ. ಅನ್ನಿಸಲಿ, ಅಲ್ಲೇ ಕಟ್ಟಿ.

ರೆಕ್ಕೆಗೆ ಕಪ್ಪು-ಬಿಳಿ ಪಟ್ಟೆಯ ಗ್ರಿಜ್ಲಿ ಹೇಂಟೆಯ ಎರಡು ಗರಿತುದಿ ಬೇಕು. ಉಬ್ಬಿದ ಬದಿಗಳು ಒಂದಕ್ಕೊಂದು ತಾಗುವಂತೆ ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಿದರೆ ತುದಿಗಳು ತಾವಾಗಿ ಆಚೀಚೆ ಬಾಗುತ್ತವೆ. ತುದಿಗಳು ಕಣ್ಣಿನ ಕಡೆ ಚಾಚುವಂತೆ ಇಟ್ಟು ನಾಲ್ಕೈದು ಸುತ್ತು ಬಿಗಿಯಿರಿ. ಹಿಂದಕ್ಕೆ ಉಳಿದ ಕಡ್ಡಿಯನ್ನು ಓರೆಯಾಗಿ ಕತ್ತರಿಸಿ. ನೇರ ಕತ್ತರಿಸಿದರೆ ಮೈಯಲ್ಲಿ ಮೆಟ್ಟಿಲು ಏಳುತ್ತದೆ. ರೆಕ್ಕೆಗಳನ್ನು ಎತ್ತಿ ನಿಲ್ಲಿಸಿ, ಬುಡದ ಮುಂದೆ ಆನಿಕೆಗೆ ಮೂರ್ನಾಲ್ಕು ಸುತ್ತು ಹಾಕಿ, ನಡುವೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ದಾರ ಹಾಯಿಸಿ ಬೇರೆ ಮಾಡಿ.

ಬಾಲಕ್ಕೆ ಕಂದು ಐದಾರು, ಗ್ರಿಜ್ಲಿ ಐದಾರು ಗಡುಸು ಗರಿಯೆಳೆ. ಫ್ಲೈ ಮಗ್ಗುಲಾಗುವುದಕ್ಕೆ ಒಂದು ಕಾರಣ ಇಲ್ಲಿದೆ. ದಾರ ಬಿಗಿಯುವಾಗ ಎಳೆಗಳನ್ನು ಆಚೆ ಬದಿಗೆ ಎಳೆದೊಯ್ಯುತ್ತದೆ. ಆದ್ದರಿಂದ ಬಾಲವನ್ನು ದಂಡದ ನೆತ್ತಿಗಿಂತ ತುಸು ನಿಮ್ಮ ಕಡೆಗೆ ವಾಲಿಸಿ ಹಿಡಿಯಿರಿ. ಮೊದಲ ಸುತ್ತನ್ನು ಸಡಿಲ ಕುಣಿಕೆಯಾಗಿ ಬೆರಳುಗಳ ನಡುವೆ ಇಳಿಸಿ, ಆಮೇಲೆ ನೇರ ಮೇಲಕ್ಕೆ ಬಿಗಿಯಿರಿ. ಎಳೆಗಳು ಸರಿದು ನೆತ್ತಿಯ ಮೇಲೆ ಬಂದು ಕೂರುತ್ತವೆ. ಉಳಿದ ತುಂಡನ್ನು ರೆಕ್ಕೆಯ ಬುಡದವರೆಗೂ ಕಟ್ಟಿಕೊಂಡು ಬಂದರೆ ಮೈಗೆ ಸಮನಾದ ತಳ ಸಿಗುತ್ತದೆ.

ಮೈಗೆ ಮಸ್ಕ್‌ರ‍್ಯಾಟ್‌ ಎಂಬ ಪ್ರಾಣಿಯ ಬೂದು ಒಳತುಪ್ಪಳ, ಇಲ್ಲವೇ ಅದೇ ಬಣ್ಣದ ನಯವಾದ ಕೃತಕ ಡಬ್ಬಿಂಗ್. ದೇವರ ಮುಂದೆ ಹಚ್ಚುವ ಬತ್ತಿ ಹೊಸೆದು ಗೊತ್ತಿದ್ದವರಿಗೆ ಇದನ್ನು ದಾರಕ್ಕೆ ಹೊಸೆಯುವುದು ಬೇಗ ಕೈಗೆ ಬರುತ್ತದೆ. ಆದರೆ ಇಲ್ಲಿ ಬೆರಳು ಒಂದೇ ದಿಕ್ಕಿಗೆ ಹೋಗಬೇಕು. ಹಿಂದೆ ಮುಂದೆ ಹೊಸೆದರೆ ಹತ್ತಿದ ತುಪ್ಪಳವೇ ಬಿಚ್ಚಿಕೊಳ್ಳುತ್ತದೆ. ತುಪ್ಪಳ ಎಷ್ಟಿರಬೇಕೆಂದರೆ, ಹೊಸೆಯುವ ಮುಂಚೆ ಬೆರಳ ಮೇಲೆ ಇಟ್ಟಾಗ ಕೆಳಗಿನ ಚರ್ಮದ ಗೆರೆಗಳು ಕಾಣುವಷ್ಟು ತೆಳು. ನಿಮಗೆ ಬೇಕು ಅನ್ನಿಸಿದ್ದರಲ್ಲಿ ಅರ್ಧ ತೆಗೆದಿಡಿ, ಉಳಿದದ್ದರಲ್ಲೂ ಸ್ವಲ್ಪ ಮಿಗುತ್ತದೆ. ಬಾಲದ ಕಡೆ ಸಣ್ಣ, ಮುಂದಕ್ಕೆ ಬರುತ್ತಾ ದಪ್ಪ. ರೆಕ್ಕೆಗೆ ತಾಗುವ ಮುಂಚೆಯೇ ನಿಲ್ಲಿಸಿ. ರೆಕ್ಕೆಯ ಹಿಂದೆಯೂ ಹ್ಯಾಕಲ್‌ಗೆ ಜಾಗ ಬೇಕು, ದಪ್ಪ ಡಬ್ಬಿಂಗ್ ಮೇಲೆ ಸುತ್ತಿದ ಗರಿ ವಾಲುತ್ತದೆ.

ಈಗ ಹ್ಯಾಕಲ್. ಕಂದು ಒಂದು, ಗ್ರಿಜ್ಲಿ ಒಂದು. ಬುಡದ ಮೆತ್ತನೆಯ ಎಳೆಗಳನ್ನು ಕಿತ್ತುಹಾಕಿ. ಕಟ್ಟಿದ ಜಾಗದಿಂದ ಒಂದೆರಡು ಮಿಲಿಮೀಟರ್ ಬರಿಯ ಕಡ್ಡಿ ಹೊರಗಿರಲಿ, ಇಲ್ಲದಿದ್ದರೆ ಮೊದಲ ಸುತ್ತಿನಲ್ಲೇ ಎಳೆಗಳು ದಿಕ್ಕಾಪಾಲಾಗುತ್ತವೆ. ಮೊದಲು ಕಂದು ಗರಿ: ರೆಕ್ಕೆಯ ಹಿಂದೆ ಮೂರು ಸುತ್ತು, ಮುಂದೆ ಎರಡು. ಆಮೇಲೆ ಗ್ರಿಜ್ಲಿಯನ್ನು ಅದೇ ಹಾದಿಯಲ್ಲಿ, ಕೈಯನ್ನು ಆಚೀಚೆ ಅಲುಗಾಡಿಸುತ್ತಾ ಸುತ್ತಿ. ಹಾಗೆ ಮಾಡಿದರೆ ಅದು ಕಂದು ಎಳೆಗಳನ್ನು ತುಳಿಯದೆ ಸಂದಿಯಲ್ಲಿ ಇಳಿಯುತ್ತದೆ. ಎರಡು ಮೂರು ದಾರದ ಸುತ್ತು, ತುದಿ ಕತ್ತರಿಸಿ, ಐದು ಸುತ್ತಿನ ವಿಪ್ ಫಿನಿಶ್ ಗಂಟು, ಸೂಜಿಯ ಮೊನೆಯಲ್ಲಿ ಒಂದು ಚುಕ್ಕೆ ಹೆಡ್ ಸಿಮೆಂಟ್ ಅಂಟು.

ಪರೀಕ್ಷೆಗೆ ಹೊಳೆಯ ತನಕ ಹೋಗಬೇಕಿಲ್ಲ. ಒಂದು ಅಡಿ ಮೇಲಿಂದ ಮೇಜಿನ ಮೇಲೆ ಬೀಳಿಸಿ. ಹತ್ತು ಸಲದಲ್ಲಿ ಏಳೆಂಟು ಸಲ ಹ್ಯಾಕಲ್ ತುದಿ ಮತ್ತು ಬಾಲದ ಮೇಲೆ ನೇರ ನಿಂತರೆ ಆ ಫ್ಲೈ ನೀರಿಗೂ ಸರಿ. ಯಾವಾಗಲೂ ಒಂದೇ ಬದಿಗೆ ಉರುಳುತ್ತಿದ್ದರೆ ಬಾಲ ಓರೆಯಾಗಿದೆ, ಇಲ್ಲವೇ ಒಂದು ರೆಕ್ಕೆ ಉದ್ದವಾಗಿದೆ. ಒಂದು ಡಜನ್ ಆಡಮ್ಸ್ ಸಾಲಾಗಿ ಹೀಗೆ ನಿಲ್ಲುವವರೆಗೆ ಬೇರೆ ಫ್ಲೈಗೂ ಬೇರೆ ನಂಬರಿಗೂ ಹೋಗಬೇಡಿ.

ಪ್ರಶ್ನೆ: ದಾರ ಪದೇಪದೇ ತುಂಡಾಗುತ್ತದೆ. ದಪ್ಪ ದಾರಕ್ಕೆ ಹೋಗಲೇ?

ಉತ್ತರ: ಬೇಡ. ದಪ್ಪ ದಾರ ತಲೆಯ ಹತ್ತಿರದ ಜಾಗವನ್ನೇ ತಿನ್ನುತ್ತದೆ. ಎಲ್ಲಿ ತುಂಡಾಗುತ್ತದೆ ನೋಡಿ. ದಾರದ ಉರುಳೆ ಹಿಡಿಯುವ ಬಾಬಿನ್ನಿನ ನಳಿಕೆಯ ಬಾಯಲ್ಲೇ ಆದರೆ ಅಲ್ಲಿ ಚೂಪು ಅಂಚಿದೆ, ಬಾಬಿನ್ ಬದಲಿಸಿ. ಬಾಲ ಕಟ್ಟುವಾಗ ಆದರೆ ಗಾಳದ ಮೊನೆ ಸವರುತ್ತಿದೆ. ಎರಡೂ ಅಲ್ಲದಿದ್ದರೆ ನಿಮ್ಮ ಎಳೆತ ಹೆಚ್ಚು. ಖಾಲಿ ಗಾಳಕ್ಕೆ ದಾರ ಸುತ್ತಿ ಬೇಕೆಂದೇ ಎಳೆದೆಳೆದು ಹತ್ತು ಸಲ ಹರಿಯಿರಿ, ಹರಿಯುವ ಮುಂಚಿನ ಬಿಗಿ ಬೆರಳಿಗೆ ಗೊತ್ತಾಗುತ್ತದೆ. ಮಲ್ಲಿಗೆ ಕಟ್ಟುವವರ ಕೈಗೆ ಇರುವುದು ಇದೇ ಹದ: ಮೊಗ್ಗು ಜಾರಬಾರದು, ತೊಟ್ಟೂ ಕತ್ತರಿಸಬಾರದು. ಇನ್ನೊಂದು, ಸುತ್ತುತ್ತಾ ಹೋದಂತೆ ದಾರಕ್ಕೆ ಹುರಿ ಏರಿ ಅದು ಉಬ್ಬುತ್ತದೆ. ಬಲಗೈಯವರು ಆಗಾಗ ಬಾಬಿನ್ ಇಳಿಬಿಟ್ಟು ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ದಾರ ಮತ್ತೆ ಚಪ್ಪಟೆಯಾಗುತ್ತದೆ.

ಪ್ರಶ್ನೆ: ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿ ಊರು. ಮಗಳು ಹಿಮಾಚಲದ ತೀರ್ಥನ್ ಕಣಿವೆಗೆ ಟ್ರೌಟ್ ಹಿಡಿಯಲು ಹೋಗುತ್ತಾಳೆ, ಫ್ಲೈ ನಾನು ಕಟ್ಟಿಕೊಡಬೇಕೆಂದಿದ್ದೇನೆ. ನಮ್ಮ ಮನೆಯ ನಾಟಿ ಹುಂಜದ ಗರಿ ಆಗುತ್ತದೆಯೇ? ತೋಟದಲ್ಲಿ ಬಿದ್ದು ಸಿಗುವ ಕಾಡುಕೋಳಿ ಗರಿ?

ಉತ್ತರ: ನಾಟಿ ಹುಂಜದ ಕತ್ತಿನ ಗರಿ ಆಗುತ್ತದೆ, ಆದರೆ ಆರಿಸಬೇಕು. ವರ್ಷ ದಾಟಿದ ಹುಂಜವಿರಲಿ. ಗರಿಯನ್ನು ಬಿಲ್ಲಿನಂತೆ ಬಗ್ಗಿಸಿ ಬೆಳಕಿಗೆ ಹಿಡಿಯಿರಿ. ಎಳೆಗಳು ಬಿಡಿಬಿಡಿಯಾಗಿ ಸೆಟೆದು ನಿಂತು ಹೊಳೆದರೆ ತೇಲುತ್ತದೆ. ಕಡ್ಡಿಯ ಪಕ್ಕ ಮಬ್ಬಾದ ಜಾಲದಂತಹ ಭಾಗ ಅಗಲವಾಗಿದ್ದರೆ ಅದು ನೀರು ಹೀರುತ್ತದೆ, ಬಿಡಿ. ಚಿಕ್ಕ ಗರಿಗಳು ತಲೆಯ ಹತ್ತಿರ ಸಿಗುತ್ತವೆ, ಆದರೂ ಬಹುಪಾಲು ಗರಿಗಳ ಎಳೆ 14ಕ್ಕೆ ಉದ್ದವಾಗುತ್ತದೆ. 10 ಅಥವಾ 12ನೇ ನಂಬರಿನ ಗಾಳಕ್ಕೆ ಕಟ್ಟಿ, ನಂಬರು ಇಳಿದಷ್ಟೂ ಗಾಳ ದೊಡ್ಡದು. ಎಳೆಯ ತುದಿ ಕತ್ತರಿಸಿ ಗಿಡ್ಡ ಮಾಡುವ ಆಸೆ ಬೇಡ, ಫ್ಲೈಯನ್ನು ಎತ್ತಿ ಹಿಡಿಯುವುದು ಆ ಸಹಜ ತುದಿಗಳೇ. ಬಳಸುವ ಮುಂಚೆ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮುಚ್ಚಿದ ಚೀಲದಲ್ಲಿ ಒಂದು ವಾರ ಫ್ರೀಜರಿನಲ್ಲಿಡಿ. ಹೊರತೆಗೆದು ಕೆಲವು ದಿನ ಬಿಟ್ಟು ಇನ್ನೊಮ್ಮೆ ಇಡಿ. ಗರಿ ತಿನ್ನುವ ಹುಳ ಒಂದು ಸೇರಿಕೊಂಡರೂ ಡಬ್ಬಿಯಲ್ಲಿದ್ದ ಗರಿಯೆಲ್ಲ ಹಾಳು.

ಕಾಡುಕೋಳಿ ಗರಿಯನ್ನು ಮುಟ್ಟಬೇಡಿ. ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ಕತ್ತಿನ ಗರಿಯಲ್ಲಿ ಅರಗು ಬಳಿದಂತೆ ಹೊಳೆಯುವ ಚುಕ್ಕೆಗಳಿವೆ. ಆ ಚುಕ್ಕೆಗೆ ಮನಸೋತು ಬ್ರಿಟನ್ನಿನ ಸಾಲ್ಮನ್ ಫ್ಲೈ ಕಟ್ಟುವವರು ಜಂಗಲ್ ಕಾಕ್ ಎಂಬ ಹೆಸರಿನಲ್ಲಿ ಈ ಗರಿಗಳನ್ನು ತರಿಸಿಕೊಳ್ಳುತ್ತಿದ್ದರು, ಅದಕ್ಕಾಗಿ ಹಕ್ಕಿಗಳು ಸತ್ತವು. ಇಂದು ಆ ಹಕ್ಕಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸಾಂಪ್ರದಾಯಿಕ ಡ್ರೈ ಫ್ಲೈಗೆ ಆ ಗರಿಯ ಅಗತ್ಯವೂ ಇಲ್ಲ. ಬಿದ್ದದ್ದು ತೋಟದಲ್ಲೇ ಇರಲಿ.

ಪ್ರಶ್ನೆ: ಚೆನ್ನಾಗಿ ತೇಲುತ್ತಿದ್ದ ಫ್ಲೈ ಒಂದು ಮೀನು ಹಿಡಿದ ಮೇಲೆ ಮುಳುಗುತ್ತದೆ. ಕಟ್ಟಿದ್ದರಲ್ಲಿ ದೋಷವೇ?

ಉತ್ತರ: ಅಲ್ಲ, ಮೀನಿನ ಲೋಳೆ. ಹೊಳೆಯಲ್ಲಿ ಚೆನ್ನಾಗಿ ಜಾಲಾಡಿ, ಬಟ್ಟೆಯ ಮಡಿಕೆಯಲ್ಲಿ ಒತ್ತಿ, ತೇವ ಹೀರುವ ಸಿಲಿಕಾ ಪುಡಿಯ ಡಬ್ಬಿಯಲ್ಲಿ ಹಾಕಿ ಕುಲುಕಿ, ಊದಿ. ತೇಲಿಸುವ ಜೆಲ್ ಹಚ್ಚುವುದು ಒಣಗಿದ ಫ್ಲೈಗೆ ಮಾತ್ರ, ಅದೂ ಸಾಸಿವೆ ಕಾಳಿನಷ್ಟು, ಬೆರಳಲ್ಲಿ ಕರಗಿಸಿಕೊಂಡು. ಒದ್ದೆಯ ಮೇಲೆ ಹಚ್ಚಿದರೆ ನೀರು ಒಳಗೇ ಉಳಿಯುತ್ತದೆ, ಹೆಚ್ಚಾದರೆ ಎಳೆಗಳು ಒಂದಕ್ಕೊಂದು ಅಂಟಿ ಕುಂಚದಂತಾಗುತ್ತವೆ.